ರೌಟರಿನ ತಾಪವೂ ನಿಸ್ತಂತುವಿನ ಚಾಪಲ್ಯವೂ

ಇಂದಿನ ಗೃಹಸ್ಥನ ಮನೆಯಲ್ಲಿ ಒಲೆ, ಬಚ್ಚಲು, ದೇವರ ಗೂಡುಗಳಂತೆ ಇನ್ನೊಂದು ನೆಲೆಯೂ ಏರ್ಪಟ್ಟಿರುವುದು. ಗೋಡೆಯ ಮೂಲೆಯಲ್ಲಿಯೋ ದೂರದರ್ಶನ ಯಂತ್ರದ ಹಿಂದೆಯೋ ಕುಳಿತು, ಹಗಲಿರುಳೂ ಹಸುರು ದೀಪಗಳನ್ನು ಮಿಟುಕಿಸುತ್ತಿರುವ ಅಂಗೈಯಗಲದ ಪೆಟ್ಟಿಗೆಯೊಂದು ಅಲ್ಲಿ ವಾಸಿಸುವುದು. ಬಲ್ಲವರು ಅದನ್ನು ರೌಟರೆನ್ನುವರು. ನಮ್ಮ ಮನೆಯಲ್ಲಿ ವೈಫೈ ಡಬ್ಬಿಯೆನ್ನುವರು. ಅದು ನೆಟ್ಟಗೆ ಕೆಲಸ ಮಾಡುತ್ತಿರುವವರೆಗೆ ಯಾರೂ ಅದರ ಕಡೆಗೆ ತಿರುಗಿ ನೋಡುವುದಿಲ್ಲ. ಅದು ನಿಂತಿತೆಂದರೆ ಮನೆಯ ಎಲ್ಲ ಕೋಣೆಗಳಿಂದಲೂ ಒಮ್ಮೆಗೇ ಜನರು ಎದ್ದು ಬರುವರು. ಕಳೆದ ಬೇಸಗೆಯಲ್ಲಿ ಈ ಪೆಟ್ಟಿಗೆಯ ದೆಸೆಯಿಂದ ನಮ್ಮ ಮನೆಯಲ್ಲಿ ನಡೆದ ಸಂಗತಿಯನ್ನೂ, ಆ ನಿಮಿತ್ತವಾಗಿ ನಾನು ಕೇಳಿ, ಓದಿ, ಪರೀಕ್ಷಿಸಿ ತಿಳಿದುಕೊಂಡ ವಿಷಯಗಳನ್ನೂ ವಾಚಕರಿಗೆ ನಿವೇದಿಸಬೇಕೆಂದಿರುವೆನು. ನಾನು ಮೂವತ್ತು ವರುಷಕ್ಕೂ ಮಿಗಿಲಾಗಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದವನೇ ಹೊರತು ಯಂತ್ರಶಾಸ್ತ್ರಜ್ಞನಲ್ಲ. ಆದರೂ ತಪ್ಪು ಮಾಡಿದವನಿಗೆ ಆ ತಪ್ಪಿನ ವಿಚಾರದಲ್ಲಿ ಮಾತನಾಡಲು ಸ್ವಲ್ಪ ಅಧಿಕಾರವುಂಟಷ್ಟೆ.

ನಮ್ಮದು ಬಳ್ಳಾರಿ. ಶಿವರಾತ್ರಿಗೆ ನಾಲ್ಕು ದಿನ ಮುಂಚೆ ನನ್ನ ಪತ್ನಿಯು ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡಳು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನೆರವೇರಿತು. ಆದರೆ ಮೂರು ತಿಂಗಳ ಕಾಲ ಏಳುವುದಕ್ಕೂ ಕೂರುವುದಕ್ಕೂ ಒಬ್ಬ ಹೆಂಗಸಿನ ಆಸರೆ ಬೇಕೇ ಬೇಕೆಂದು ವೈದ್ಯರು ಹೇಳಿದರು. ಮಗನಿಗೆ ಬೆಂಗಳೂರಿನಲ್ಲಿ ಕಾರ್ಖಾನೆಯ ಕೆಲಸ, ಬಿಟ್ಟು ಬರುವಂತಿಲ್ಲ. ಸೊಸೆಯು ಅಲ್ಲಿಯೇ ಲೆಕ್ಕಪತ್ರಗಳ ಕಚೇರಿಯೊಂದರಲ್ಲಿರುವಳು. ಆಕೆಯು ತನ್ನ ಮೇಲಧಿಕಾರಿಗಳನ್ನು ಬೇಡಿಕೊಂಡು, ಮೂರು ತಿಂಗಳು ನಮ್ಮ ಮನೆಯಿಂದಲೇ ಕೆಲಸ ಮಾಡುವ ಅನುಮತಿಯನ್ನು ಪಡೆದು ಬಂದಳು. ಕರಾರು ಒಂದೇ. ಪ್ರತಿದಿನ ಮಧ್ಯಾಹ್ನ ಎರಡೂವರೆಗೆ ಪರದೇಶದ ಗಿರಾಕಿಗಳೊಡನೆ ನಡೆಯುವ ಸಭೆಗೆ ತಪ್ಪದೆ ಹಾಜರಿರತಕ್ಕದ್ದು.

ಮೊದಲ ಐದಾರು ವಾರ ಯಾವ ಅಡ್ಡಿಯೂ ಬರಲಿಲ್ಲ. ಯುಗಾದಿ ಕಳೆದು ಬಿಸಿಲೇರಿದ ಬಳಿಕ ತೊಂದರೆ ಮೊದಲಾಯಿತು. ಸಭೆ ನಡೆಯುತ್ತಿರುವಾಗಲೇ ಎದುರಿನವರ ಮುಖಗಳು ಚಿತ್ರದಂತೆ ನಿಂತುಬಿಡುವುವು, ಮಾತು ತುಂಡುತುಂಡಾಗುವುದು, ಕೊನೆಗೆ ಸಂಪರ್ಕವೇ ಕಡಿದುಹೋಗುವುದು. ಸೊಸೆಯು ತನ್ನ ಫೋನಿನ ಮೂಲಕ ಸೇರಿಕೊಳ್ಳಲು ನೋಡುವಳು. ನಮ್ಮದು ದಪ್ಪ ಕಲ್ಲುಗೋಡೆಗಳ ಹಳೆಯ ಮನೆಯಾದುದರಿಂದ ಒಳಕೋಣೆಯಲ್ಲಿ ಅದಕ್ಕೂ ಕಸುವು ಸಾಲದು. ಎರಡು ವಾರ ಹೀಗಾದ ಮೇಲೆ ಕಚೇರಿಯಿಂದ ಪತ್ರ ಬಂದಿತು. ಈ ಅನಾನುಕೂಲವು ಮುಂದುವರಿದರೆ ತಿಂಗಳ ಕೊನೆಗೆ ಬೆಂಗಳೂರಿಗೆ ಹಿಂದಿರುಗಬೇಕೆಂದು ಅದರ ತಾತ್ಪರ್ಯ. ಆ ದಿನ ನಾನು ಆಡಬಾರದ ಮಾತೊಂದನ್ನಾಡಿದೆನು. "ನಿನ್ನ ಕಂಪ್ಯೂಟರಿನಲ್ಲಿಯೇ ಏನೋ ದೋಷವಿರಬೇಕಮ್ಮಾ, ಬೆಳಗ್ಗೆ ನನ್ನ ಫೋನಿನಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತಲ್ಲ" ಎಂದೆನು. "ಇರಬಹುದು ಮಾವ" ಎಂದಷ್ಟೇ ಹೇಳಿ ಅವಳು ಅತ್ತೆಗೆ ಮಾತ್ರೆ ಕೊಡಲು ಹೋದಳು. ಹಾಸಿಗೆಯಲ್ಲಿದ್ದವಳು ಮಾತ್ರ ನನ್ನನ್ನು ಕೇಳಿಯೇಬಿಟ್ಟಳು: "ಅವಳು ಹೊರಟುಹೋದರೆ ನನ್ನನ್ನು ಎಬ್ಬಿಸುವವರಾರು?"

ಸೇವೆಯನ್ನೊದಗಿಸುವ ಸಂಸ್ಥೆಗೆ ದೂರವಾಣಿ ಮಾಡಿದಾಗಲೆಲ್ಲ ದೊರೆಯುತ್ತಿದ್ದ ಉಪದೇಶ ಒಂದೇ: ಆರಿಸಿ ಮತ್ತೆ ಹೊತ್ತಿಸಿರಿ. ಹಾಗೆ ಮಾಡಿದರೆ ಹತ್ತು ನಿಮಿಷ ಗುಣವಾಗುತ್ತಿದ್ದುದೂ ನಿಜವೇ. ಈ ಅರೆಗುಣವೇ ನಮ್ಮನ್ನು ಬಹಳ ದಿನ ಮೋಸಗೊಳಿಸಿತು. ರೌಟರೆಂಬುದು ಒಂದು ಚಿಕ್ಕ ಗಣಕವೇ. ಅದರಲ್ಲಿ ಎಣಿಸುವ ಭಾಗವೂ ಜ್ಞಾಪಕದ ಭಾಗವೂ ಇರುವುವು. ಆರಿಸಿ ಹೊತ್ತಿಸಿದಾಗ ಜ್ಞಾಪಕದಲ್ಲಿ ಸೇರಿಕೊಂಡ ಗೊಂದಲವು ಅಳಿಸಿಹೋಗುವುದು. ಅದರೊಂದಿಗೆ ಪೆಟ್ಟಿಗೆಗೆ ಎರಡು ನಿಮಿಷದ ವಿಶ್ರಾಂತಿಯೂ ಸಿಕ್ಕಿ, ಒಳಗಣ ಕಾವು ಸ್ವಲ್ಪ ಇಳಿಯುವುದು. ಗುಣವಾದುದು ಯಾವುದರಿಂದ ಎಂದು ವಿಂಗಡಿಸುವ ಬಗೆ ನಮಗೆ ತಿಳಿಯದು. ಸಂಸ್ಥೆಯ ಹುಡುಗನು ಬಂದು ನೋಡಿದ್ದೂ ಉಂಟು. ಆದರೆ ಅವನು ಬಂದುದು ಬೆಳಗಿನ ಹತ್ತು ಗಂಟೆಗೆ. ಆಗ ಯಾವ ದೋಷವೂ ಇರಲಿಲ್ಲ. ಜ್ವರವಿಲ್ಲದ ವೇಳೆಯಲ್ಲಿ ಬಂದ ವೈದ್ಯನು ನಾಡಿ ಹಿಡಿದು ಆರೋಗ್ಯವನ್ನು ಸಾರಿಹೋದಂತಾಯಿತು.

ತರ್ಕಶಾಸ್ತ್ರದ ಬಾಲಪಾಠದಲ್ಲಿಯೇ ಅನ್ವಯ-ವ್ಯತಿರೇಕಗಳ ವಿಚಾರ ಬರುವುದು. ಯಾವುದು ಇದ್ದಾಗ ಕಾರ್ಯವು ಉಂಟಾಗುವುದೋ, ಯಾವುದು ಇಲ್ಲದಾಗ ಉಂಟಾಗದೋ, ಅದನ್ನೇ ಕಾರಣವೆಂದು ಹಿಡಿಯಬೇಕು. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಗಂಟು ಹಾಕಬಾರದು. ಇದನ್ನು ಸಾವಿರ ಹುಡುಗರಿಗೆ ಹೇಳಿಕೊಟ್ಟಿದ್ದ ನಾನು ನನ್ನ ಮನೆಯಲ್ಲಿ ಸೊಸೆಯ ಕಂಪ್ಯೂಟರನ್ನು ಕಂಡೊಡನೆ ಕಾಗೆಯನ್ನೇ ಹಿಡಿದಿದ್ದೆನು. ನಾಚಿಕೆಯಾಗಿ, ಒಂದು ಹಳೆಯ ನೋಟುಪುಸ್ತಕವನ್ನು ತೆಗೆದು ಗೆರೆ ಎಳೆದು, ಸಂಪರ್ಕವು ಕಡಿದ ಹೊತ್ತು, ಆಗ ಕೆಲಸ ಮಾಡುತ್ತಿದ್ದ ಯಂತ್ರಗಳು, ಪೆಟ್ಟಿಗೆಯ ದೀಪಗಳ ಬಣ್ಣ, ಹೊರಗಿನ ಬಿಸಿಲು, ಇವುಗಳನ್ನು ಬರೆಯತೊಡಗಿದೆನು.

ಒಂಬತ್ತು ದಿನಗಳ ಬರವಣಿಗೆಯಲ್ಲಿ ಸಂಗತಿಯು ಸ್ಪಷ್ಟವಾಯಿತು. ಕಡಿತಗಳೆಲ್ಲ ಮಧ್ಯಾಹ್ನ ಎರಡರಿಂದ ಐದರವರೆಗೆ. ನನ್ನ ಫೋನೂ ಸೊಸೆಯ ಕಂಪ್ಯೂಟರೂ ಒಂದೇ ಕ್ಷಣದಲ್ಲಿ ನಿಲ್ಲುತ್ತಿದ್ದುವು. ಆದುದರಿಂದ ಆಕೆಯ ಯಂತ್ರವು ನಿರ್ದೋಷಿ. ಒಂದು ದಿನ ಅಡ್ಡಮಳೆ ಬಂದು ತಂಪಾಗಿದ್ದಿತು, ಅಂದು ಕಡಿತವಿಲ್ಲ. ಇನ್ನೊಂದು ದಿನ ಬಿಸಿಲು ಕಡುವಾಗಿದ್ದರೂ ಕಡಿತವಿಲ್ಲ. ಇದೇಕೆಂದು ಯೋಚಿಸಿದಾಗ, ಅಂದು ಕೆಲಸದಾಕೆಯು ಧೂಳು ಹೊಡೆದು ಗಾಜಿನ ಕಪಾಟಿನ ಬಾಗಿಲನ್ನು ಸಂಜೆಯವರೆಗೆ ತೆರೆದೇ ಬಿಟ್ಟಿದ್ದುದು ನೆನಪಾಯಿತು. ಕೂಡಲೆ ಎದ್ದುಹೋಗಿ, ಮೂರು ಗಂಟೆಯ ಹೊತ್ತಿನಲ್ಲಿ ಕಪಾಟಿನೊಳಗೆ ಕೈಯಿಟ್ಟೆನು. ಕಾದ ನೀರಿನ ಚೊಂಬನ್ನು ಮುಟ್ಟಿದಂತಾಯಿತು. ಮನೆಯಲ್ಲಿದ್ದ ಉಷ್ಣಮಾಪಕವನ್ನು ಒಳಗಿಟ್ಟು ಅರ್ಧ ಗಂಟೆ ಬಾಗಿಲು ಮುಚ್ಚಿ ನೋಡಿದರೆ ೫೨ ಡಿಗ್ರಿ ತೋರಿಸಿತು. ನಡುಮನೆಯಲ್ಲಿ ಆಗ ೩೮.

ಆ ಪೆಟ್ಟಿಗೆಯನ್ನು ಕಪಾಟಿನೊಳಗೆ ಇರಿಸಿದವನು ನಾನೇ. ಪತ್ನಿಯನ್ನು ಆಸ್ಪತ್ರೆಯಿಂದ ಕರೆತಂದಾಗ, ಬಚ್ಚಲಿಗೆ ಸಮೀಪವೆಂದು ನಡುಮನೆಯಲ್ಲಿ ಹಾಸಿಗೆಯನ್ನು ಹಾಕಿದ್ದೆವು. ತೆರೆದ ಗೂಡಿನಲ್ಲಿದ್ದ ರೌಟರಿನ ದೀಪಗಳು ರಾತ್ರಿಯೆಲ್ಲ ಮಿಟುಕುತ್ತ ಅವಳ ನಿದ್ರೆಗೆ ಅಡ್ಡಿಯಾಗುತ್ತಿದ್ದುವು. ಆದುದರಿಂದ ಅದನ್ನು ತೇಗದ ಕಪಾಟಿನೊಳಗಿಟ್ಟು, ಬೆಳಕು ಗಾಜಿನಿಂದ ಹೊರಬೀಳದಂತೆ ಅವಳೇ ಹಿಂದೆ ಹೆಣೆದಿದ್ದ ದಾರದ ಮುಸುಕೊಂದನ್ನು ಮೇಲೆ ಹೊದಿಸಿ ಬಾಗಿಲಿಕ್ಕಿದ್ದೆನು. ಆರು ವಾರ ಅಪಾಯವಾಗಲಿಲ್ಲವಾದುದರಿಂದ ಆ ಕೆಲಸವನ್ನು ನಾನು ಮರೆತೇಬಿಟ್ಟಿದ್ದೆನು. ಹಿಂದಿನ ಬೇಸಗೆಗಳಲ್ಲಿ ಪೆಟ್ಟಿಗೆಯು ಇದೇ ಬಿಸಿಲಿನಲ್ಲಿ ತೆರೆದ ಗೂಡಿನಲ್ಲಿದ್ದು ಕೆಡಲಿಲ್ಲ. ಈ ವರುಷ ಮಾಘ ಫಾಲ್ಗುಣಗಳಲ್ಲಿ ಮುಚ್ಚಿದ ಕಪಾಟಿನಲ್ಲಿದ್ದೂ ಕೆಡಲಿಲ್ಲ. ಬಿಸಿಲೊಂದೇ ಕಾರಣವಲ್ಲ, ಕಪಾಟೊಂದೇ ಕಾರಣವಲ್ಲ. ಎರಡೂ ಕೂಡಿದಾಗಲೇ ಕೇಡು. ಇಂತಹ ಜೋಡಿ ಕಾರಣಗಳು ಮನೆಗಳಲ್ಲಿ ಬಹಳ ಕಾಲ ಕಣ್ಣು ತಪ್ಪಿಸಿಕೊಂಡಿರುವುವು. "ಅದು ಅಲ್ಲಿಯೇ ಇತ್ತಲ್ಲ, ಈವರೆಗೆ ಏನೂ ಆಗಲಿಲ್ಲವಲ್ಲ" ಎಂಬ ಮಾತು ಅವುಗಳಿಗೆ ಒಳ್ಳೆಯ ಮರೆ.

ಇಷ್ಟು ಚಿಕ್ಕ ಪೆಟ್ಟಿಗೆಗೆ ಇಷ್ಟು ಕಾವು ಎಲ್ಲಿಂದ ಬರುವುದೆಂದು ಕೇಳಬಹುದು. ಅದರ ವಿದ್ಯುತ್ತಿನ ಅಡಾಪ್ಟರಿನ ಮೇಲೆ ಸಾಮಾನ್ಯವಾಗಿ ೧೨ ವೋಲ್ಟು, ೧ ಅಥವಾ ೧.೫ ಆಂಪಿಯರು ಎಂದು ಅಚ್ಚಾಗಿರುವುದು. ಎರಡನ್ನೂ ಗುಣಿಸಿದರೆ ೧೨ರಿಂದ ೧೮ ವಾಟು. ಇದು ಅಡಾಪ್ಟರು ಕೊಡಬಲ್ಲ ಗರಿಷ್ಠ ಪ್ರಮಾಣ. ರೌಟರು ಅದಕ್ಕಿಂತ ಕಡಮೆಯನ್ನೇ ಬಳಸುವುದು. ಹೀಗೆ ಒಳಹೊಕ್ಕ ಶಕ್ತಿಯಲ್ಲಿ ಅಲೆಯಾಗಿ ಹೊರಗೆ ಹರಡುವುದು ಸಾಧಾರಣವಾಗಿ ಒಂದು ವಾಟಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಮಿಕ್ಕುದೆಲ್ಲ ಪೆಟ್ಟಿಗೆಯಲ್ಲಿಯೇ ಶಾಖವಾಗಿ ಪರಿಣಮಿಸುವುದು. ಪೆಟ್ಟಿಗೆ ಬಿಸಿಯಾಗಿರುವುದನ್ನು ಕಂಡು ಅಲೆಗಳ ಕಾವಿಗೆ ಹೆದರುವವರು ಇದನ್ನು ಗಮನಿಸಬೇಕು. ಆ ಬಿಸಿಯು ಅಲೆಗಳದ್ದಲ್ಲ, ಎಣಿಕೆಯ ಕೆಲಸ ಮಾಡುವ ಚಿಪ್ಪುಗಳದ್ದು. ದೊಡ್ಡ ಗಣಕಗಳಲ್ಲಿರುವಂತೆ ಇದರೊಳಗೆ ಬೀಸಣಿಗೆ ಇರುವುದಿಲ್ಲ. ಮೈಮೇಲಣ ಸೀಳುಗಳ ಮೂಲಕ ಬಿಸಿಗಾಳಿಯು ಮೇಲೇರಿ ಹೋಗಿ, ಕೆಳಗಿನಿಂದ ತಂಗಾಳಿಯು ಒಳಬರಬೇಕು. ಹೊಗೆಗೂಡು ಹೊಗೆಯನ್ನೆಳೆಯುವ ನ್ಯಾಯವೇ ಇಲ್ಲಿಯೂ. ಆ ಸೀಳುಗಳಿಗೆ ಮುಸುಕು ಹಾಕಿದರೆ ಉಸಿರನ್ನೇ ಹಿಡಿದಂತೆ.

ರೌಟರುಗಳ ಜೊತೆಗೆ ಬರುವ ಕಿರುಹೊತ್ತಗೆಯನ್ನು ನಾವು ಓದುವುದಿಲ್ಲ. ನಮ್ಮದರಲ್ಲಿ ಕೊನೆಯ ಪುಟದಲ್ಲಿ ಸೊನ್ನೆಯಿಂದ ೪೦ ಡಿಗ್ರಿಯವರೆಗಿನ ಉಷ್ಣದಲ್ಲಿ ಬಳಸತಕ್ಕದ್ದೆಂದು ಬರೆದಿತ್ತು. ಮನೆಬಳಕೆಯ ಬಹುಪಾಲು ರೌಟರುಗಳಿಗೆ ಇದೇ ಮಿತಿ. ಇದು ಸುತ್ತಣ ಗಾಳಿಯ ಉಷ್ಣ. ಒಳಗಣ ಚಿಪ್ಪು ಇದಕ್ಕಿಂತ ಎಷ್ಟೋ ಹೆಚ್ಚು ಕಾದಿರುವುದು. ಬಳ್ಳಾರಿ, ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲು ಮೇ ತಿಂಗಳುಗಳ ಹೊರಗಾಳಿಯೇ ೪೦ನ್ನು ದಾಟುವುದು ಅಪರೂಪವಲ್ಲ. ಮಿತಿ ಮೀರಿದಾಗ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ನಿಧಾನವಾಗುವುದುಂಟು, ತಪ್ಪು ಮಾಡುವುದುಂಟು, ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುವುದೂ ಉಂಟು. ಇವೆಲ್ಲ ತಾತ್ಕಾಲಿಕ ಬಾಧೆಗಳು. ಶಾಶ್ವತವಾದುದೂ ಒಂದಿರುವುದು. ಒಳಗಡೆ ವಿದ್ಯುತ್ತನ್ನು ಹಿಡಿದು ಸಮಗೊಳಿಸುವ ಕೆಪಾಸಿಟರುಗಳೆಂಬ ಪುಟ್ಟ ಉರುಳೆಗಳುಂಟು. ಅವುಗಳಲ್ಲಿರುವ ದ್ರವವು ಕಾವಿಗೆ ಆರುತ್ತ ಹೋಗುವುದು. ಉಷ್ಣವು ಹತ್ತು ಡಿಗ್ರಿ ಏರಿದರೆ ಅವುಗಳ ಆಯುಷ್ಯವು ಸುಮಾರಾಗಿ ಅರ್ಧಕ್ಕಿಳಿಯುವುದೆಂಬುದು ಯಂತ್ರಜ್ಞರ ರೂಢಿಯ ಲೆಕ್ಕ. ಉಷ್ಣದೊಡನೆ ರಾಸಾಯನಿಕ ಕ್ರಿಯೆಗಳ ವೇಗವು ಏರುವ ಕ್ರಮವನ್ನು ಸ್ವೀಡನ್ ದೇಶದ ಅರೇನಿಯಸ್ ಎಂಬ ವಿಜ್ಞಾನಿಯು ೧೮೮೯ರಲ್ಲಿ ಸೂತ್ರವಾಗಿ ಹೇಳಿದನು. ಈ ಲೆಕ್ಕಕ್ಕೆ ಅದೇ ಬುಡ. ನನ್ನ ಕಪಾಟು ನಡುಮನೆಗಿಂತ ೧೪ ಡಿಗ್ರಿ ಹೆಚ್ಚು ಕಾದಿದ್ದಿತು. ಮಿಕ್ಕ ಗುಣಾಕಾರವನ್ನು ವಾಚಕರೇ ಮಾಡಿಕೊಳ್ಳಲಿ.

ಇನ್ನು ನಿಸ್ತಂತುವಿನ ಚಾಪಲ್ಯದ ಮಾತು. ಪೆಟ್ಟಿಗೆಯನ್ನು ಹೊರತೆಗೆದ ಮೇಲೆ ಅದು ನಿಲ್ಲುವುದು ತಪ್ಪಿತು. ಆದರೂ ಸೊಸೆಯು ಕೂರುತ್ತಿದ್ದ ಒಳಕೋಣೆಯಲ್ಲಿ ಸಂಪರ್ಕವು ಒಂದು ಗಳಿಗೆ ಚುರುಕು, ಒಂದು ಗಳಿಗೆ ಮಂಕು. ಒಂದು ರೋಗವು ವಾಸಿಯಾದ ಮೇಲೆಯೇ ಇನ್ನೊಂದು ಕಾಣಿಸಿಕೊಂಡಿತು. ಆ ಹೊತ್ತಿಗೆ ಸಂಸ್ಥೆಯ ಕಡೆಯಿಂದ ಬೇರೊಬ್ಬ ಹುಡುಗನು ಬಂದನು. ಅವನು ನನ್ನ ಹಳೆಯ ಶಿಷ್ಯನೆಂಬುದು ಬಾಗಿಲಲ್ಲಿ ನಮಸ್ಕರಿಸಿದಾಗ ತಿಳಿಯಿತು. ಕಪಾಟನ್ನೂ ಮುಸುಕನ್ನೂ ನೋಡಿ, "ಏನ್ ಮೇಷ್ಟ್ರೇ, ಬಳ್ಳಾರಿ ಬ್ಯಾಸಿಗ್ಯಾಗ ಇದಕ್ಕೆ ಶಾಲು ಹೊಚ್ಚೀರಲ್ಲ!" ಎಂದು ನಕ್ಕನು. ಸಂಧಿಯಲ್ಲಿ ಅವನು ಮಾಡುತ್ತಿದ್ದ ತಪ್ಪುಗಳಿಗೆ ನಾನು ನಕ್ಕುದಕ್ಕೆ ಅಲ್ಲಿಗೆ ಲೆಕ್ಕ ಚುಕ್ತವಾಯಿತು.

ಅವನು ತಿಳಿಸಿದುದನ್ನೂ ಆಮೇಲೆ ನಾನು ಓದಿದುದನ್ನೂ ಕೂಡಿಸಿ ಹೇಳುವೆನು. ಮನೆಯ ರೌಟರುಗಳು ಬಹುತೇಕ ಎರಡು ಬಗೆಯ ಅಲೆಗಳಲ್ಲಿ ಮಾತನಾಡುವುವು. ಒಂದು, ಸೆಕೆಂಡಿಗೆ ಸುಮಾರು ೨೪೦ ಕೋಟಿ ಸಲ ಕಂಪಿಸುವುದು. ಅಲೆಯ ಉದ್ದ ಸುಮಾರು ೧೨ ಸೆಂಟಿಮೀಟರು. ಇನ್ನೊಂದು, ೫೦೦ ಕೋಟಿಗೆ ಮೇಲ್ಪಟ್ಟು ಕಂಪಿಸುವುದು. ಉದ್ದ ೫–೬ ಸೆಂಟಿಮೀಟರು. ಮೊದಲನೆಯದು ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುವುದು, ಆದರೆ ವೇಗ ಕಡಮೆ. ಎರಡನೆಯದು ವೇಗಶಾಲಿ, ಆದರೆ ಎರಡು ಕಲ್ಲುಗೋಡೆಗಳಿಗೆ ಸೋತುಬಿಡುವುದು. ಮೊದಲನೆಯ ಪಟ್ಟಿಯನ್ನು ನಮ್ಮ ಸರಕಾರವು ೨೦೦೫ರಲ್ಲಿ ಪರವಾನಿಗೆಯಿಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಆದುದರಿಂದ ಅದು ಊರ ಹಾದಿಯಂತೆ, ಎಲ್ಲರೂ ನಡೆಯುವರು. ನೆರೆಮನೆಯ ರೌಟರು, ಬ್ಲೂಟೂತ್ ಸಾಧನಗಳು, ಅಡುಗೆಯ ಮೈಕ್ರೋವೇವ್ ಒಲೆ, ಎಲ್ಲವೂ ಅಲ್ಲಿಯೇ. ಆ ಒಲೆಯು ಸೆಕೆಂಡಿಗೆ ೨೪೫ ಕೋಟಿ ಕಂಪನದ ಅಲೆಯಿಂದ ಅನ್ನವನ್ನು ಬಿಸಿಮಾಡುವುದು. ಅದರಿಂದ ಸೋರುವ ಎಳ್ಳಿನಷ್ಟು ಅಲೆಯೂ ಪಕ್ಕದ ನಿಸ್ತಂತು ಮಾತನ್ನು ಕೆಡಿಸಬಲ್ಲುದು.

ಒಂದೇ ಹಾದಿಯಲ್ಲಿ ಹಲವರು ಮಾತನಾಡುವುದು ಹೇಗೆಂಬುದನ್ನು ಶಾಲೆಯ ಕೊಠಡಿಯಿಂದ ತಿಳಿಯಬಹುದು. ಪ್ರತಿಯೊಬ್ಬ ಹುಡುಗನೂ ಮೊದಲು ಕಿವಿಗೊಟ್ಟು, ಬೇರೆ ಯಾರೂ ಮಾತನಾಡುತ್ತಿಲ್ಲವೆಂದು ಕಂಡು ಬಾಯಿ ತೆರೆಯಬೇಕು. ಇಬ್ಬರು ಒಟ್ಟಿಗೆ ಆಡಿದರೆ ಇಬ್ಬರೂ ನಿಲ್ಲಿಸಿ ತುಸು ತಡೆದು ಮತ್ತೆ ಹೇಳಬೇಕು. ನಿಸ್ತಂತು ಯಂತ್ರಗಳ ಶಿಸ್ತು ಹೆಚ್ಚುಕಡಮೆ ಇದೇ. ಹವಾಯಿ ವಿಶ್ವವಿದ್ಯಾನಿಲಯದಲ್ಲಿ ೧೯೭೧ರಲ್ಲಿ ದ್ವೀಪದ್ವೀಪಗಳ ಗಣಕಗಳನ್ನು ರೇಡಿಯೋ ಮೂಲಕ ಜೋಡಿಸಿದಾಗ ಈ ಬಗೆಯ ಹಂಚಿಕೆಯ ಮೊದಲ ಪಾಠಗಳು ದೊರೆತುವು. ಮಕ್ಕಳು ಹೆಚ್ಚಾದಂತೆ ಸರದಿ ತಡವಾಗುವುದು. ನೆರೆಯ ಕೊಠಡಿಯ ಗದ್ದಲವೂ ಸೇರಿದರೆ ಪಾಠವೇ ನಿಲ್ಲುವುದು. ಮೊದಲನೆಯ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು ೧, ೬, ೧೧ ಎಂದು ಮೂರೇ. ನೆರೆಯವರೆಲ್ಲ ಆರರಲ್ಲಿದ್ದರೆ ನಾವು ಒಂದಕ್ಕೋ ಹನ್ನೊಂದಕ್ಕೋ ಸರಿಯುವುದು ಮೇಲು. ರೌಟರಿನ ಏರ್ಪಾಡುಗಳ ಪುಟದಲ್ಲಿ ಇದನ್ನು ಬದಲಿಸಬಹುದು. ಬಾರದಿದ್ದರೆ ಮನೆಯ ಹುಡುಗರನ್ನು ಕೇಳಿದರೆ ಒಂದು ನಿಮಿಷದಲ್ಲಿ ಮಾಡಿಕೊಡುವರು, ಸ್ವಲ್ಪ ಅಸಡ್ಡೆಯ ನಗುವಿನೊಡನೆ.

ಈ ವಿಷಯವನ್ನು ಓದುವಾಗ ನನಗೆ ಒಂದು ಸೊಗಸಾದ ಸಂಬಂಧ ಕಂಡಿತು. ಅಲೆಯು ಕಿವಿಗೆ ನೇರವಾಗಿ ಬರುವುದಲ್ಲದೆ, ಗೋಡೆ, ಬೀರು, ಕನ್ನಡಿಗಳಿಗೆ ತಗುಲಿ ಪ್ರತಿಧ್ವನಿಗಳಾಗಿಯೂ ಬರುವುದು. ತಡವಾಗಿ ಬಂದ ಪ್ರತಿಧ್ವನಿಯು ಮೂಲದ ಮಾತನ್ನು ಕಲಕುವುದು. ಗೋಡೆಗಳ ಮೂಲಕ ಕಿರಿಯ ಅಲೆಗಳು ಹಾಯುವುದನ್ನು ನಮ್ಮ ಜಗದೀಶಚಂದ್ರ ಬೋಸರು ೧೮೯೫ರ ಸುಮಾರಿನಲ್ಲಿಯೇ ಕಲಕತ್ತೆಯಲ್ಲಿ ಜನರೆದುರು ತೋರಿಸಿದ್ದರು. ಆದರೆ ಮನೆಯೊಳಗಣ ಪ್ರತಿಧ್ವನಿಗಳನ್ನು ಪಳಗಿಸುವ ಸಮರ್ಪಕವಾದ ಉಪಾಯವು ದೊರೆತುದು ಬಹಳ ತಡವಾಗಿ. ಆಸ್ಟ್ರೇಲಿಯದ ಜಾನ್ ಒ'ಸಲಿವನ್ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ ೧೯೯೨ರಲ್ಲಿ ಅದಕ್ಕೆ ಪೇಟೆಂಟು ಕೇಳಿದರು. ಆತನು ಮೊದಲು ಆಕಾಶದ ಕಪ್ಪುಕುಳಿಗಳು ಸಿಡಿಯುವಾಗ ಹೊರಡಬಹುದಾದ ರೇಡಿಯೋ ಮಿಡಿತಗಳನ್ನು ಹುಡುಕುತ್ತಿದ್ದವನು. ಅವು ಸಿಕ್ಕಲಿಲ್ಲ, ಆ ವಿದ್ಯೆ ಮಾತ್ರ ಮನೆಮನೆಗೂ ಬಂದಿತು. ಆ ಉಪಾಯದ ಜೀವಾಳವು ಒಂದು ಮಾತನ್ನು ಹಲವು ನಿಧಾನದ ತೊರೆಗಳಾಗಿ ಒಡೆದು ಕಳುಹಿಸಿ ಮತ್ತೆ ಕೂಡಿಸುವುದು. ಹಾಗೆ ಒಡೆದು ಕೂಡಿಸುವ ಗಣಿತವು ಫ್ರಾನ್ಸಿನ ಫೂರಿಯೆ ಎಂಬವನದು. ಅವನು ಆ ಗಣಿತವನ್ನು ರೂಪಿಸಿದುದು ಅಲೆಗಳಿಗಾಗಿ ಅಲ್ಲ. ಘನವಸ್ತುಗಳಲ್ಲಿ ಶಾಖವು ಹೇಗೆ ಹರಿಯುವುದೆಂದು ತಿಳಿಯುವುದಕ್ಕಾಗಿ. ಅವನ ಉಷ್ಣವಿಚಾರದ ಗ್ರಂಥವು ಅಚ್ಚಾದುದು ೧೮೨೨ರಲ್ಲಿ. ನನ್ನ ಕಪಾಟಿನೊಳಗೆ ಆ ಒಬ್ಬ ಮಹಾಶಯನ ಎರಡು ಮಕ್ಕಳೂ ಸೆಣಸುತ್ತಿದ್ದರೆಂದು ನೆನೆದು ನಾನೊಬ್ಬನೇ ನಕ್ಕೆನು.

ಪ್ರಕೃತಕ್ಕೆ ಬರುವೆನು. ಶಿಷ್ಯನು ಕೋಣೆಯನ್ನು ಸುತ್ತಿ ನೋಡಿ, ಪೆಟ್ಟಿಗೆಗೂ ಸೊಸೆಯ ಮೇಜಿಗೂ ನಡುವೆ ಎರಡು ಗೋಡೆಗಳು, ಒಂದು ಉಕ್ಕಿನ ಬೀರು, ಅದರ ಬಾಗಿಲಿಗೆ ನಿಲುವುಗನ್ನಡಿ ಇರುವುದನ್ನು ತೋರಿಸಿದನು. ಲೋಹವೂ ಕನ್ನಡಿಯ ಹಿಂದಣ ಲೇಪವೂ ಅಲೆಯನ್ನು ಹಿಂದಟ್ಟುವುವು, ನೀರು ಹೀರಿಕೊಳ್ಳುವುದು. ಆದುದರಿಂದ ಫ್ರಿಜ್ಜಿನ ಹಿಂದೆ, ಮೀನಿನ ತೊಟ್ಟಿಯ ಪಕ್ಕದಲ್ಲಿ, ಬೀರುವಿನ ಮೇಲೆ ರೌಟರನ್ನಿಡುವುದು ವ್ಯರ್ಥ. ಅವನು ನಡುಮನೆಯ ಬಾಗಿಲ ಮೇಲ್ಗಡೆ, ಏಳಡಿಯೆತ್ತರದಲ್ಲಿ, ಗೋಡೆಗೆ ಮೊಳೆ ಹೊಡೆದು ಪೆಟ್ಟಿಗೆಯನ್ನು ನೆಟ್ಟಗೆ ತೂಗುಹಾಕಿದನು. ನಾಲ್ಕು ದಿಕ್ಕಿಗೂ ಗೇಣುದ್ದ ಗಾಳಿಗೆ ತೆರವು. ಸಭೆಯ ಕೆಲಸಕ್ಕೆ ಮಾತ್ರ ನಿಸ್ತಂತುವನ್ನೇ ನಂಬಬೇಡಿರೆಂದು ಹೇಳಿ, ರೌಟರಿನಿಂದ ಮೇಜಿನವರೆಗೆ ಒಂದು ತಂತಿಯನ್ನೆಳೆದನು. ತಂತಿಗೆ ಗೋಡೆಯ ಭಯವಿಲ್ಲ, ನೆರೆಯವರ ಗದ್ದಲವಿಲ್ಲ. ಹೊಸ ಯಂತ್ರಗಳನ್ನು ಕೊಳ್ಳುವುದಕ್ಕೆ ಮುಂಚೆ ಗೃಹಸ್ಥರು ಇದನ್ನು ಪರೀಕ್ಷಿಸಿ ನೋಡಬಹುದು. ತಂತಿ ಜೋಡಿಸಿದಾಗ ಸರಿಯಿದ್ದು ನಿಸ್ತಂತುವಿನಲ್ಲಿ ಮಾತ್ರ ಕೆಟ್ಟರೆ ದೋಷವು ಮನೆಯೊಳಗೆ. ಎರಡರಲ್ಲಿಯೂ ಕೆಟ್ಟರೆ ಪೆಟ್ಟಿಗೆಯಲ್ಲಿ ಅಥವಾ ಹೊರಗಿನ ಮಾರ್ಗದಲ್ಲಿ. ಗಾಜಿನ ಎಳೆಯ ಸಂಪರ್ಕವಿರುವವರು ಎಲ್.ಓ.ಎಸ್. ಎಂಬ ದೀಪವು ಕೆಂಪಾಗಿದೆಯೇ ನೋಡಬೇಕು. ಕೆಂಪಾಗಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲವೆಂದರ್ಥ. ಆ ಎಳೆಯನ್ನು ಮೂಲೆಯಲ್ಲಿ ಮುರಿದಂತೆ ಮಡಿಸಿದರೂ ಬೆಳಕು ಸೋರಿಹೋಗುವುದು.

ಅಡಾಪ್ಟರಿನ ವಿಷಯದಲ್ಲಿ ಅವನು ಕೊಟ್ಟ ಎಚ್ಚರಿಕೆಯನ್ನು ಬರೆಯದೆ ಬಿಡಲಾರೆನು. ಹಳೆಯದು ಸುಟ್ಟರೆ ಮನೆಯಲ್ಲಿ ಬಿದ್ದಿರುವ ಯಾವುದೋ ಒಂದನ್ನು ಚುಚ್ಚುವುದು ನಮ್ಮಲ್ಲಿ ವಾಡಿಕೆ. ವೋಲ್ಟು ಅಷ್ಟಕ್ಕಷ್ಟೇ ಇರಬೇಕು. ಧನ ಋಣಗಳ ಕ್ರಮವೂ ಮೊದಲಿನಂತೆಯೇ ಇರಬೇಕು. ಆಂಪಿಯರು ಮೊದಲಿನದಕ್ಕಿಂತ ಕಡಮೆಯಿರಬಾರದು, ಹೆಚ್ಚಿದ್ದರೆ ಬಾಧಕವಿಲ್ಲ. ಶಕ್ತಿ ಸಾಲದ ಅಡಾಪ್ಟರಿನಿಂದ ಪೆಟ್ಟಿಗೆಯು ಪದೇಪದೇ ಆರಿ ಹೊತ್ತಿಕೊಳ್ಳುವುದು, ಅಡಾಪ್ಟರೂ ಸುಡುವುದು. ಸೀಳುಗಳ ಧೂಳನ್ನು ಪೆಟ್ಟಿಗೆಯನ್ನಾರಿಸಿ ಒಣ ಕುಂಚದಿಂದ ತೆಗೆಯಬೇಕು. ನನ್ನ ಪತ್ನಿಯು ಮಡಕೆಗೆ ಸುತ್ತುವಂತೆ ಒದ್ದೆ ಬಟ್ಟೆಯನ್ನು ಸುತ್ತಿದರಾಗದೇ ಎಂದು ಹಾಸಿಗೆಯಿಂದಲೇ ಸಲಹೆ ಕೊಟ್ಟಳು. ಶಿಷ್ಯನು ಗಾಬರಿಯಿಂದ ಕೈಮುಗಿದನು.

ಉಳಿದುದು ದೀಪಗಳ ಪ್ರಶ್ನೆ, ಎಲ್ಲಕ್ಕೂ ಮೂಲವಾದುದು. ಅದಕ್ಕೆ ಬೇಕಾದುದು ಕಪಾಟಲ್ಲ. ದೀಪಗಳ ಮೇಲೆ ಮಾತ್ರ ಅಂಟಿಸುವ ಬೆರಳಗಲದ ಕಪ್ಪು ಪಟ್ಟಿ. ಸೊಸೆಯು ತನ್ನ ಪೆಟ್ಟಿಗೆಯಿಂದ ಅದನ್ನು ತೆಗೆದು, ಸ್ಟೂಲಿನ ಮೇಲೆ ಹತ್ತಿ ತಾನೇ ಅಂಟಿಸಿದಳು. ಇಳಿದ ಮೇಲೆ ನಾನು, "ಅಂದು ನಿನ್ನ ಕಂಪ್ಯೂಟರನ್ನು ದೂರಿದೆನಮ್ಮಾ, ತಪ್ಪು ನನ್ನದೇ" ಎಂದೆನು. "ನೀವು ಅತ್ತೆಗಾಗಿ ಇಟ್ಟದ್ದಲ್ಲವೇ ಮಾವ" ಎಂದಳು.

ಮರುದಿನದಿಂದ ಎರಡೂವರೆಯ ಸಭೆಗಳು ಕಡಿಯದೆ ನಡೆದುವು. ಹಿಂದಿರುಗಬೇಕೆಂಬ ಮಾತನ್ನು ಕಚೇರಿಯವರು ಮತ್ತೆ ಎತ್ತಲಿಲ್ಲ. ಮೇ ತಿಂಗಳ ಕೊನೆಗೆ ನನ್ನ ಪತ್ನಿಯು ಆಸರೆಯ ಚೌಕಟ್ಟನ್ನು ಹಿಡಿದು ಅಡುಗೆಮನೆಯವರೆಗೆ ನಡೆದಳು. ದಾರದ ಮುಸುಕನ್ನು ಒಗೆದು ನನ್ನ ತಂದೆಯವರ ಕಾಲದ ರೇಡಿಯೋ ಮೇಲೆ ಹೊದಿಸಿದ್ದೇವೆ. ಅದು ಹಾಡುವುದನ್ನು ಬಿಟ್ಟು ಇಪ್ಪತ್ತು ವರುಷಗಳಾದುವು.